ಹೊರಬಾರದೆ ಉಳಿದ ಗೀತಸಂಪುಟ

ಒಂದು ಮೇಳವು ಒಡೆದ ತರುವಾಯ ಅದರ ಕಲಾವಿದರು ಬೇರೆಬೇರೆಯಾಗಿ ಮುದ್ರಿಸಿದ ಹಾಡುಗಳನ್ನು ಆಯ್ದು, ಮೇಳವು ಉಳಿದಿದ್ದಲ್ಲಿ ಹೊರಬರುತ್ತಿದ್ದ ಗೀತಸಂಪುಟವು ಹೀಗಿರುತ್ತಿತ್ತೆಂದು ಜೋಡಿಸಿಕೊಳ್ಳುವ ಪದ್ಧತಿಯು ಪಾಶ್ಚಾತ್ಯ ಸಂಗೀತರಸಿಕರಲ್ಲಿ ಉಂಟು. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಬೀಟಲ್ಸ್ ಮೇಳದ ವಿಷಯದಲ್ಲಿ ಈ ಯತ್ನವು ಬಹಳವಾಗಿ ನಡೆದಿದೆ. 2014ರ ‘ಬಾಯ್‌ಹುಡ್’ ಎಂಬ ಚಲಚ್ಚಿತ್ರದಲ್ಲಿ ತಂದೆಯೊಬ್ಬನು ಮಗನಿಗೆ ಇಂತಹ ಸಂಕಲನವನ್ನೇ ಉಡುಗೊರೆಯಾಗಿ ಕೊಡುವನು. ಇದನ್ನು ಬರಿಯ ವಿನೋದವೆಂದು ತಳ್ಳಿಬಿಡುವುದು ಸುಲಭ. ಆದರೆ ಚರಿತ್ರಕಾರನ ನಿಯಮದಿಂದ ನಡೆಯಿಸಿದರೆ, ಆ ಮೇಳವು ಏತಕ್ಕೆ ಒಡೆಯಿತೆಂಬ ಪ್ರಶ್ನೆಗೇ ಇದರಿಂದ ಬೆಳಕು ದೊರೆಯುವುದು.

ಮೇಳದಲ್ಲಿ ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್ ಎಂಬ ನಾಲ್ವರಿದ್ದರು. 1969ನೆಯ ಸೆಪ್ಟೆಂಬರಿನಲ್ಲಿ ಲೆನನ್ನನು ತಾನು ಹೊರಡುವೆನೆಂದು ಜೊತೆಗಾರರೊಡನೆ ಗುಟ್ಟಾಗಿ ನುಡಿದನು. 1970ನೆಯ ಏಪ್ರಿಲಿನಲ್ಲಿ ಮೆಕಾರ್ಟ್ನಿಯ ಅಗಲಿಕೆಯು ಪತ್ರಿಕೆಗಳಲ್ಲಿ ಪ್ರಕಟವಾಯಿತು. ಆ ವರ್ಷದ ಕೊನೆಯ ದಿನ ಅವನು ಲಂಡನ್ನಿನ ನ್ಯಾಯಸ್ಥಾನದಲ್ಲಿ ದಾವೆಯನ್ನು ಹೂಡಿದನು. 1975ರಲ್ಲಿ ಪಾಲುದಾರಿಕೆಯು ವಿಧ್ಯುಕ್ತವಾಗಿ ಮುಗಿಯಿತು. ಹಣದ ವ್ಯಾಜ್ಯವೂ ಮನಸ್ತಾಪವೂ ಇದಕ್ಕೆ ಕಾರಣವೆಂದು ಹೇಳುವರು. ಆ ಮಾತು ಸುಳ್ಳಲ್ಲ. ಆದರೆ ಅಷ್ಟರಿಂದಲೇ ಸಂಗತಿಯು ಪೂರ್ಣವಾಗುವುದಿಲ್ಲ.

ಸಂಕಲನಕಾರನಿಗೆ ಮೊದಲು ಬೇಕಾದುದು ಒಂದು ಅಳತೆ. ಅದು ಮೇಳದವರ ಬಾಯಿಂದಲೇ ದೊರೆತಿದೆ. 1969ನೆಯ ಸೆಪ್ಟೆಂಬರಿನಲ್ಲಿ ಸ್ಟಾರನು ಆಸ್ಪತ್ರೆಯಲ್ಲಿದ್ದಾಗ, ಉಳಿದ ಮೂವರು ಕುಳಿತು ಮಾತಾಡಿದುದನ್ನು ಅವನಿಗಾಗಿ ಧ್ವನಿಸುರುಳಿಯಲ್ಲಿ ಹಿಡಿದಿಟ್ಟರು. ಮುಂದಿನ ಸಂಪುಟಕ್ಕೆ ಲೆನನ್, ಮೆಕಾರ್ಟ್ನಿ, ಹ್ಯಾರಿಸನ್ನರಿಂದ ತಲಾ ನಾಲ್ಕು ಹಾಡುಗಳೂ, ಸ್ಟಾರನಿಗೆ ಇಷ್ಟವಿದ್ದರೆ ಅವನಿಂದ ಎರಡೂ ಇರಲೆಂದು ಅದರಲ್ಲಿ ಲೆನನ್ನನು ಸೂಚಿಸಿರುವನು. ಈ ಸುರುಳಿಯ ಸಂಗತಿಯು 2019ರಲ್ಲಿ ಬಹಳವಾಗಿ ಪ್ರಚಾರಕ್ಕೆ ಬಂದಿತು. ಹದಿನಾಲ್ಕು ಹಾಡುಗಳೆಂದರೆ, ಪಕ್ಕವೊಂದಕ್ಕೆ ಸುಮಾರು ಇಪ್ಪತ್ತು ನಿಮಿಷಗಳಂತೆ, ಒಂದು ದೊಡ್ಡ ಗ್ರಾಮಫೋನ್ ತಟ್ಟೆಗೆ ಸರಿಹೋಗುವಷ್ಟು.

ಎರಡನೆಯದಾಗಿ ಬೇಕಾದುದು ಕಾಲನಿರ್ಣಯ. ಹಾಡು ಅಂಗಡಿಗೆ ಬಂದ ವರ್ಷವೊಂದು, ಹುಟ್ಟಿದ ವರ್ಷ ಮತ್ತೊಂದು. ನಾಲ್ವರೂ 1968ರಲ್ಲಿ ನಮ್ಮ ದೇಶದ ಹೃಷೀಕೇಶಕ್ಕೆ ಬಂದಿದ್ದರಷ್ಟೆ. ಅಲ್ಲಿಂದ ಹಿಂತಿರುಗಿ, ಆ ಮೇ ತಿಂಗಳಿನಲ್ಲಿ ಹ್ಯಾರಿಸನ್ನನ ಮನೆಯಲ್ಲಿ ಅನೇಕ ಹಾಡುಗಳನ್ನು ಕರಡಾಗಿ ಮುದ್ರಿಸಿಕೊಂಡರು. ಅವುಗಳಲ್ಲಿ ಮೆಕಾರ್ಟ್ನಿಯ ‘ಜಂಕ್’ ಒಂದು. ಅದು 1970ರಲ್ಲಿ ಅವನ ಸ್ವಂತ ಸಂಪುಟದಲ್ಲಿ ಬಂದಿತು. ಲೆನನ್ನನ ‘ಚೈಲ್ಡ್ ಆಫ್ ನೇಚರ್’ ಮತ್ತೊಂದು. ಅದರ ರಾಗವೇ ಹೊಸ ಸಾಹಿತ್ಯವನ್ನು ಧರಿಸಿ 1971ರಲ್ಲಿ ‘ಜೆಲಸ್ ಗೈ’ ಆಯಿತು. ಹ್ಯಾರಿಸನ್ನನ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಎಂಬುದನ್ನು ಮೇಳವೆಲ್ಲವೂ 1969ನೆಯ ಜನವರಿಯಲ್ಲಿ ಅಭ್ಯಾಸ ಮಾಡಿತ್ತು.

ಹೀಗೆ ಒಂದೊಂದು ಹಾಡಿನ ಜನ್ಮವನ್ನು ಶೋಧಿಸುತ್ತ ಹೋದಂತೆ ಒಂದು ಸತ್ಯವು ತಾನಾಗಿ ಹೊರಬೀಳುವುದು: ಮೇಳವು ಒಡೆದುದು ಹಾಡುಗಳ ಬರದಿಂದಲ್ಲ, ಸಮೃದ್ಧಿಯಿಂದ. ‘ಆಬಿ ರೋಡ್’ ಸಂಪುಟದ 17 ಹಾಡುಗಳಲ್ಲಿ ಹ್ಯಾರಿಸನ್ನನವು ಎರಡೇ. ಆದರೆ 1970ನೆಯ ನವೆಂಬರಿನಲ್ಲಿ ಅವನು ಸ್ವತಂತ್ರನಾಗಿ ಹೊರತಂದ ಸಂಪುಟಕ್ಕೆ ಮೂರು ತಟ್ಟೆಗಳು ಬೇಕಾದುವು. ಬೆಳೆ ಹೆಚ್ಚಿತು, ಕಣಜ ದೊಡ್ಡದಾಗಲಿಲ್ಲ. ತಲಾ ನಾಲ್ಕೆಂಬ ಸೂಚನೆಯು ನ್ಯಾಯವಾದುದೇ. ಆದರೆ ಕಾಲ ಮೀರಿ ಬಂದಿತು.

ಇಷ್ಟಾದರೂ ಈ ಸಂಕಲನವನ್ನು ಚರಿತ್ರೆಯೆಂದು ನಂಬಿಬಿಡಲಾಗದು. ಅಗಲಿಕೆಯೇ ಹಡೆದ ಹಾಡುಗಳೂ ಇರುವುವು. 1970ನೆಯ ಡಿಸೆಂಬರಿನಲ್ಲಿ ಬಂದ ‘ಗಾಡ್’ ಎಂಬ ಹಾಡಿನಲ್ಲಿ ಲೆನನ್ನನು, ತನಗೆ ನಂಬಿಕೆಯಿಲ್ಲದವುಗಳ ಸಾಲಿನಲ್ಲಿ ತನ್ನ ಹಳೆಯ ಮೇಳವನ್ನೇ ಸೇರಿಸಿರುವನು. ಇದನ್ನು ಮೇಳದ ಸಂಪುಟದಲ್ಲಿ ಇಡುವುದು ವಿಪರ್ಯಾಸವೇ ಸರಿ. ಮೇಲಾಗಿ ಮೆಕಾರ್ಟ್ನಿಯು ತನ್ನ ಮೊದಲ ಸ್ವಂತ ಸಂಪುಟದಲ್ಲಿ ವಾದ್ಯಗಳನ್ನೆಲ್ಲ ತಾನೊಬ್ಬನೇ ನುಡಿಸಿದನು. ಅಲ್ಲಿ ಲೆನನ್ನನ ಆಕ್ಷೇಪಣೆಯಿಲ್ಲ, ಹ್ಯಾರಿಸನ್ನನ ತಂತಿಯಿಲ್ಲ, ಸ್ಟಾರನ ತಾಳವಿಲ್ಲ. ನಾಲ್ವರ ಹಾಡುಗಳನ್ನು ಪಕ್ಕಪಕ್ಕದಲ್ಲಿ ಇಡಬಹುದು. ಒಬ್ಬರ ಹಾಡನ್ನು ಮತ್ತೊಬ್ಬರು ತಿದ್ದುತ್ತಿದ್ದ ಆ ಘರ್ಷಣೆಯನ್ನು ಯಾವ ರಸಿಕನೂ ಜೋಡಿಸಲಾರನು.

ಲೆನನ್ನನು 1980ರಲ್ಲಿ ಹತನಾದ ಮೇಲೆ, ಅವನು ಮನೆಯಲ್ಲಿ ಹಾಡಿಟ್ಟಿದ್ದ ಸುರುಳಿಗಳಿಗೆ ಉಳಿದವರು ತಮ್ಮ ದನಿಯನ್ನೂ ವಾದ್ಯಗಳನ್ನೂ ಕೂಡಿಸಿ 1995ರಲ್ಲಿ ಒಂದು, 1996ರಲ್ಲಿ ಒಂದು ಹಾಡನ್ನು ಪ್ರಕಟಿಸಿದರು. ಮೂರನೆಯದು 2023ರಲ್ಲಿ ಬಂದಿತು, ಆ ವೇಳೆಗೆ ಹ್ಯಾರಿಸನ್ನನೂ ಗತಿಸಿದ್ದನು. ಬದುಕಿದ್ದಾಗ ಒಂದೆಡೆ ಕೂರಲಾರದವರು ಮರಣಾನಂತರ ಯಂತ್ರದ ನೆರವಿನಿಂದ ಕೂಡಿದರು. ಮೇಳದವರಿಗೇ ಆ ಸಂಪುಟದ ಹಂಬಲವು ಉಳಿದಿದ್ದ ಮೇಲೆ ರಸಿಕನ ಹಂಬಲವನ್ನು ಹಳಿಯುವುದೆಂತು? ಅವನು ಜೋಡಿಸಲಿ, ಪ್ರತಿಯೊಂದು ಹಾಡಿನ ಮುಂದೆ ಅದು ಹುಟ್ಟಿದ ಕಾಲವನ್ನು ಬರೆದಿಡಲಿ. ಆಗ ಆಸೆಯಾವುದು, ಆಧಾರವಾವುದು ಎಂಬುದು ಕೇಳುವವನಿಗೆ ತಿಳಿಯುವುದು.