ಜಾತ್ರೆ ಉಳಿಸಿದ ಹಾಡು, ಶಾಲೆ ಉಳಿಸಬೇಕಾದ ಅಕ್ಷರ



ಒಂದು ಭಾಷೆ ಎಲ್ಲಿ ಬದುಕಿರುತ್ತದೆ? ಕಚೇರಿಯ ಕಾಗದದಲ್ಲಿಯೋ, ಶಾಲೆಯ ಪುಸ್ತಕದಲ್ಲಿಯೋ, ಜಾತ್ರೆಯ ಹಾಡಿನಲ್ಲಿಯೋ? ಜಹೀರಾಬಾದ, ನಾರಾಯಣಖೇಡ, ತಾಂಡೂರು ಭಾಗದ ಕನ್ನಡಿಗರಿಗೆ ಇದು ಪರೀಕ್ಷೆಯ ಪ್ರಶ್ನೆಯಲ್ಲ, ಮನೆಯ ಪ್ರಶ್ನೆ. ಕಚೇರಿಯ ಕನ್ನಡ ಇಲ್ಲಿ ಬಹಳ ಹಿಂದೆಯೇ ಹೋಯಿತು. ಶಾಲೆಯ ಕನ್ನಡ ದಿನೇ ದಿನೇ ಸೊರಗುತ್ತಿದೆ. ಹಾಡಿನ ಕನ್ನಡ ಮಾತ್ರ ಇನ್ನೂ ಉಸಿರಾಡುತ್ತಿದೆ. ಅದು ಹೇಗೆ ಉಳಿಯಿತು, ಎಷ್ಟು ದಿನ ಉಳಿದೀತು ಎಂಬುದನ್ನು ಸ್ವಲ್ಪ ಇತಿಹಾಸದ ಬೆಳಕಿನಲ್ಲಿ ನೋಡೋಣ.

1956ರ ನವೆಂಬರ್ 1ರಂದು ಹೈದರಾಬಾದ ರಾಜ್ಯ ಮೂರು ಪಾಲಾಯಿತು. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳ ಹೆಚ್ಚಿನ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ಜಹೀರಾಬಾದ ತಾಲೂಕು, ಬೀದರ ತಾಲೂಕಿನ ನ್ಯಾಲಕಲ್ ಸರ್ಕಲ್, ಕಲಬುರಗಿ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಜಹೀರಾಬಾದ ತಾಲೂಕಿನ ನಿರ್ಣಾ ಸರ್ಕಲ್ ಮಾತ್ರ ಆಚೆ ಉಳಿಯಿತು. ಅಂದರೆ ಒಂದೇ ತಾಲೂಕಿನ ನೆಂಟರು ಎರಡು ರಾಜ್ಯಗಳ ಪ್ರಜೆಗಳಾದರು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2016ರಲ್ಲಿ ಜಹೀರಾಬಾದ, ನಾರಾಯಣಖೇಡ ಸಂಗಾರೆಡ್ಡಿ ಜಿಲ್ಲೆಗೂ, ತಾಂಡೂರು ವಿಕಾರಾಬಾದ ಜಿಲ್ಲೆಗೂ ಸೇರಿದವು. ನಕಾಶೆ ಇಷ್ಟು ಸಲ ಬದಲಾದರೂ ಜಾತ್ರೆಯ ದಾರಿ ಬದಲಾಗಲಿಲ್ಲ.

ಇದಕ್ಕೂ ಹಿಂದಿನ ಕಾಲವನ್ನು ನೆನೆಯಬೇಕು. ನಿಜಾಮರ ಆಡಳಿತದಲ್ಲಿ ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ಸಭೆ ಸೇರಲು ಮೊದಲೇ ಅನುಮತಿ ಪಡೆಯಬೇಕೆಂಬ 'ಗಸ್ತಿ ನಿಶಾನ್ 53' ಎಂಬ ಸುತ್ತೋಲೆ ಬೇರೆ ಇತ್ತು. ಆದರೂ 1928ರಲ್ಲಿ ಕಲಬುರಗಿಯಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ, 1934ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನಗಳು ನಡೆದವು. ಅವು ಓದಿದವರ ಹಬ್ಬ. ಹಳ್ಳಿಯ ರೈತನಿಗೆ, ಕೂಲಿಯವನಿಗೆ ಕನ್ನಡ ಸಿಗುತ್ತಿದ್ದುದು ಮಠದ ಪುರಾಣದಲ್ಲಿ, ಗುಡಿಯ ಭಜನೆಯಲ್ಲಿ, ಬಯಲಾಟದಲ್ಲಿ. ಅರಸನ ಭಾಷೆ ಯಾವುದಾದರೇನು, ಏಕತಾರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಜಹೀರಾಬಾದ ಬಳಿಯ ಝರಾಸಂಗಮದಲ್ಲಿ ಕೇತಕಿ ಸಂಗಮೇಶ್ವರನ ಗುಡಿಯಿದೆ. ಶಿವರಾತ್ರಿಗೆ ತೆಲಂಗಾಣ, ಕರ್ನಾಟಕ, ಮಹಾರಾಷ್ಟ್ರ ಮೂರೂ ಕಡೆಯ ಜನ ಅಲ್ಲಿ ಕೂಡುತ್ತಾರೆ. ತಾಂಡೂರಿನಲ್ಲಿ ಭಾವಗಿ ಭದ್ರೇಶ್ವರನ ತೇರು ಎಳೆಯುತ್ತಾರೆ. ದೇವರ ಹೆಸರಿಗೆ ಅಂಟಿಕೊಂಡ ಭಾವಗಿ ಬೀದರ ಕಡೆಯ ಊರು! ನಕಾಶೆ ಬೇರೆ ಮಾಡಿದ್ದನ್ನು ದೇವರ ಹೆಸರು ಇಂದಿಗೂ ಕೂಡಿಸಿ ಹೇಳುತ್ತದೆ. ಎಳ್ಳಮಾವಾಸ್ಯೆಗೆ ಬೀದರ, ಕಲಬುರಗಿಯವರಂತೆಯೇ ನಮ್ಮವರೂ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಹೊತ್ತು ಹೊಲಕ್ಕೆ ಹೋಗುತ್ತಾರೆ, ಚರಗ ಚೆಲ್ಲುತ್ತಾರೆ. ಪಕ್ಕದ ತೆಲುಗು ನೆರೆಯವರೂ ಪಂಕ್ತಿಯಲ್ಲಿ ಕೂಡುತ್ತಾರೆ.

ಹಾಡಿನ ವಿಷಯಕ್ಕೆ ಬಂದರೆ, ಈ ನಾಡಿನ ನಿಜವಾದ ಆಸ್ತಿ ತತ್ವಪದ. ಕಡಕೋಳ ಮಡಿವಾಳಪ್ಪನವರು, ಅವರ ಶಿಷ್ಯರಾದ ಚೆನ್ನೂರ ಜಲಾಲಸಾಹೇಬರು ಮೊದಲಾದವರು ಕಟ್ಟಿದ ಪದಗಳು ಅಚ್ಚಾಗುವ ಮೊದಲೇ ಭಜನಾ ಮಂಡಳಿಗಳ ಬಾಯಲ್ಲಿ ಊರೂರು ತಿರುಗಿದವು. ಗುರು ಲಿಂಗಾಯತ, ಶಿಷ್ಯ ಮುಸಲ್ಮಾನ. ಹಾಡಿದವರು ಎಲ್ಲ ಜಾತಿಯವರು. ಹುಮನಾಬಾದ ಹತ್ತಿರದ ಮಾಣಿಕನಗರದ ಮಾಣಿಕಪ್ರಭುಗಳು (1817-1865) ಕನ್ನಡ, ಮರಾಠಿ ಮುಂತಾದ ಹಲವು ಭಾಷೆಗಳಲ್ಲಿ ಪದ ಕಟ್ಟಿದರು. ದತ್ತ ಜಯಂತಿಯ ಸಂಗೀತ ದರ್ಬಾರು ಇಂದಿಗೂ ಅಲ್ಲಿ ಹೆಸರುವಾಸಿ.

ಮೊಹರಂ ಬಂದರೆ ಅಲಾವದ ಸುತ್ತ ಹೆಜ್ಜೆ ಹಾಕುವವರಲ್ಲಿ ಹಿಂದೂಗಳೇ ಹೆಚ್ಚು ಕಾಣುವ ಊರುಗಳಿವೆ. ಕರ್ಬಲಾದ ಕಥೆಯನ್ನು, ಹಸನ್ ಹುಸೇನರ ಬಲಿದಾನವನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುವುದು ನಮ್ಮ ಕಡೆಯ ಹಿರಿಯರ ರೂಢಿ. ತೆಲುಗಿನವರು ಅದೇ ಹಬ್ಬವನ್ನು 'ಪೀರ್ಲ ಪಂಡುಗ' ಎಂದು ಕರೆದು ತಮ್ಮ ಭಾಷೆಯಲ್ಲಿ ಹಾಡುತ್ತಾರೆ. ಅರಬ್ಬರ ದುಃಖ ಕನ್ನಡದ ಧಾಟಿಯಲ್ಲಿ! ಇಂಥ ಕೂಡುಬಾಳು ಹಳೆಯದೇ. ಹದಿಮೂರನೆಯ ಶತಮಾನದ ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಬರೆದ ಬಸವಪುರಾಣವನ್ನು ಆಧರಿಸಿ ಭೀಮಕವಿ 1369ರಲ್ಲಿ ಕನ್ನಡ ಬಸವಪುರಾಣ ಬರೆದ. ಕನ್ನಡ ನಾಡಿನ ಬಸವಣ್ಣನ ಕಥೆ ತೆಲುಗಿಗೆ ಹೋಗಿ ಮತ್ತೆ ಕನ್ನಡಕ್ಕೆ ಬಂತು.

ಹಬ್ಬ ಹಾಡುಗಳಿಂದ ಭಾಷೆ ಉಳಿಯುತ್ತದೆಯೇ ಎಂಬ ಪ್ರಶ್ನೆ ನಮ್ಮದಷ್ಟೇ ಅಲ್ಲ. ದೂರದ ದಕ್ಷಿಣ ಆಫ್ರಿಕಾದ ಆಫ್ರಿಕಾನ್ಸ್ ಭಾಷೆಯ ಕಥೆ ಇಲ್ಲಿ ಪಾಠವಾಗುವಂತಿದೆ. 1652ರಲ್ಲಿ ಡಚ್ಚರ ಈಸ್ಟ್ ಇಂಡಿಯಾ ಕಂಪನಿ ಕೇಪ್ ತೀರದಲ್ಲಿ ನೆಲೆಯೂರಿತು. ಇಂಡೋನೇಷ್ಯಾ, ಮಡಗಾಸ್ಕರ್, ನಮ್ಮ ಬಂಗಾಳ ಮತ್ತು ಮಲಬಾರಗಳಿಂದ ಗುಲಾಮರನ್ನು ತಂದರು. ಇವರ, ಅಲ್ಲಿನ ಖೋಯ್ ಜನರ, ಡಚ್ಚರ ಬಾಯಲ್ಲಿ ಬೆರೆತು ಆದದ್ದೇ ಆಫ್ರಿಕಾನ್ಸ್. ದೊಡ್ಡವರು ಅದನ್ನು ಅಡುಗೆಮನೆಯ ಭಾಷೆ ಎಂದು ಹೀಯಾಳಿಸಿದರು. ಕೇಪ್‌ನ ಮುಸಲ್ಮಾನರು ಮದರಸಾಗಳಲ್ಲಿ ಅದನ್ನು ಅರಬ್ಬಿ ಲಿಪಿಯಲ್ಲಿ ಬರೆದರು. ಅಬೂಬಕರ್ ಎಫೆಂದಿಯವರ ಅಂಥ ಒಂದು ಧರ್ಮಗ್ರಂಥ 1877ರಲ್ಲಿ ಇಸ್ತಾಂಬುಲ್‌ನಲ್ಲಿ ಅಚ್ಚಾಯಿತು. ಗುಲಾಮರ ವಂಶದವರು ಜನವರಿ 2ನ್ನು 'ಎರಡನೆಯ ಹೊಸ ವರ್ಷ'ವೆಂದು ಘೂಮಾ ಡೋಲು ಬಾರಿಸುತ್ತಾ ಕೇಪ್‌ಟೌನ್ ಬೀದಿಗಳಲ್ಲಿ ಇಂದಿಗೂ ಮೆರವಣಿಗೆ ಮಾಡುತ್ತಾರೆ.

1925ರಲ್ಲಿ ಆ ಭಾಷೆ ಆಡಳಿತ ಭಾಷೆಯಾಯಿತು. 1948ರಿಂದ ವರ್ಣಭೇದದ ಸರ್ಕಾರದ ಭಾಷೆಯೂ ಆಯಿತು. ಕರಿಯರ ಶಾಲೆಗಳಲ್ಲಿ ಅದನ್ನು ಕಲಿಕೆಯ ಮಾಧ್ಯಮವಾಗಿ ಹೇರಿದಾಗ 1976ರ ಜೂನ್ 16ರಂದು ಸೊವೆಟೊದ ಮಕ್ಕಳು ಬೀದಿಗಿಳಿದರು, ಪೊಲೀಸರ ಗುಂಡಿಗೆ ಬಲಿಯಾದರು. 1989ರಲ್ಲಿ ಯೊಹಾನೆಸ್ ಕೆರ್ಕೊರೆಲ್, ಕೋಸ್ ಕೊಂಬೌಸ್ ಮೊದಲಾದ ಬಿಳಿಯ ಗಾಯಕರು ಅದೇ ಭಾಷೆಯಲ್ಲಿ ಆ ಸರ್ಕಾರವನ್ನು ಅಣಕಿಸುವ ಹಾಡು ಹಾಡುತ್ತಾ ಊರೂರು ಸುತ್ತಿದರು. 1994ರಲ್ಲಿ ಎಲ್ಲರಿಗೂ ಮತದ ಹಕ್ಕು ಬಂತು, ಆಫ್ರಿಕಾನ್ಸ್ ಹನ್ನೊಂದು ಅಧಿಕೃತ ಭಾಷೆಗಳಲ್ಲಿ ಒಂದಾಯಿತು. ಮರುವರ್ಷವೇ, 1995ರಲ್ಲಿ, ಔಟ್ಸ್‌ಹೂರ್ನ್ ಎಂಬ ಸಣ್ಣ ಊರಿನಲ್ಲಿ ಆಫ್ರಿಕಾನ್ಸ್ ಕಲಾ ಉತ್ಸವ ಆರಂಭವಾಯಿತು. ನಾಟಕ, ಸಂಗೀತ, ಪುಸ್ತಕ ಎಲ್ಲವೂ ಅಲ್ಲಿ. 2003ರಲ್ಲಿ ಕೇಪ್‌ಟೌನಿನಲ್ಲಿಯೂ ಇಂಥದೊಂದು ಉತ್ಸವ ಶುರುವಾಯಿತು.

ಇದರಿಂದ ಎರಡು ಮಾತು ತಿಳಿಯುತ್ತವೆ. ಒಂದು, ಹೇರಿದ ಭಾಷೆಯನ್ನು ಮಕ್ಕಳು ದ್ವೇಷಿಸುತ್ತಾರೆ, ಹಾಡಿದ ಭಾಷೆಯನ್ನು ಪ್ರೀತಿಸುತ್ತಾರೆ. ಎರಡು, ಅಧಿಕಾರ ಹೋದ ಮೇಲೆ ಭಾಷೆಗೆ ಹಬ್ಬ ಆಸರೆಯಾಗುತ್ತದೆ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಆಫ್ರಿಕಾನ್ಸಿಗೆ ಶಾಲೆಗಳಿವೆ, ಪತ್ರಿಕೆಗಳಿವೆ, ಪ್ರಕಾಶಕರಿದ್ದಾರೆ. ಅಲ್ಲಿಯ ಉತ್ಸವ ಗಿಡದ ಮೇಲಿನ ಹೂವು. ನಮ್ಮಲ್ಲಿ ಗಿಡಕ್ಕೇ ನೀರು ಸಾಲದು.

ನಮ್ಮ ಶಾಲೆಗಳ ಮಕ್ಕಳನ್ನೇ ನೋಡಿ. ಮನೆಯಲ್ಲಿ ಅಜ್ಜಿಯ ಸಂಗಡ ಕನ್ನಡ, ಬಜಾರಿನಲ್ಲಿ ತೆಲುಗು, ಗೆಳೆಯರ ಜೊತೆ ದಖನಿ. ತತ್ವಪದ ಹಾಡು ಎಂದರೆ ಎದೆತುಂಬಿ ಹಾಡುತ್ತಾರೆ. ಬರೆದು ತೋರಿಸು ಎಂದರೆ ತೆಲುಗು ಅಕ್ಷರದಲ್ಲಿ ಬರೆಯುವವರು ಎಷ್ಟೋ ಜನ! ಭಜನೆಯ ನೋಟುಬುಕ್ಕುಗಳಲ್ಲಿಯೂ ಕನ್ನಡ ಪದ, ತೆಲುಗು ಲಿಪಿ. ಎರಡೂ ಅಕ್ಕತಂಗಿ ಲಿಪಿಗಳಾದ್ದರಿಂದ ತಲಕಟ್ಟು ಬದಲಿಸಿದರೆ ಕೆಲಸ ನಡೆಯುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ತೆಲುಗು ನಮಗೆ ಅನ್ನ ಕೊಡುವ ಭಾಷೆ. ಆದರೆ ಆ ಮಗು ನಾಳೆ ಮಡಿವಾಳಪ್ಪನ ಪುಸ್ತಕವನ್ನು, ಬಸವಣ್ಣನ ವಚನವನ್ನು, ಕುವೆಂಪು ಬೇಂದ್ರೆಯರನ್ನು ತಾನೇ ತೆರೆದು ಓದುವುದು ಹೇಗೆ? ಜಾತ್ರೆ ಭಾಷೆಯನ್ನು ಕಿವಿಯಲ್ಲಿ ಉಳಿಸುತ್ತದೆ. ಕಣ್ಣಿಗೆ ತರುವುದು ಶಾಲೆಯೊಂದೇ.

1956ರಲ್ಲಿ ಗಡಿ ಎಳೆದವರು ಇದನ್ನು ಅರಿಯದವರಲ್ಲ. ಅದೇ ವರ್ಷ ಸಂವಿಧಾನದ ಏಳನೆಯ ತಿದ್ದುಪಡಿಯ ಮೂಲಕ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಗಡಿಯೂ ಆ ಭರವಸೆಯೂ ಒಂದೇ ವರ್ಷದ ಮಕ್ಕಳು. ಗಡಿ ಗಟ್ಟಿಯಾಗಿ ನಿಂತಿದೆ, ಭರವಸೆಯನ್ನು ನಾವು ಕೇಳಿ ಪಡೆಯಬೇಕಾಗಿದೆ. ಮಕ್ಕಳು ಬರದಿದ್ದರೆ ಶಾಲೆ ಇಲ್ಲ, ಶಾಲೆ ಇಲ್ಲದಿದ್ದರೆ ಮಕ್ಕಳಿಗೆ ಅಕ್ಷರ ಇಲ್ಲ.

ಕೈಕಟ್ಟಿ ಕೂರಬೇಕಾಗಿಲ್ಲ. ದಾರಿ ತೋರಿದವರು ನಮ್ಮ ನಡುವೆಯೇ ಇದ್ದಾರೆ. ಝರಾಸಂಗಮ ಬಳಿಯ ಮಾಚನೂರಿನಲ್ಲಿ 2008ರಲ್ಲಿ ಸಂಗಂ ರೇಡಿಯೋ ಆರಂಭವಾಯಿತು. ಹೊಲದಲ್ಲಿ ದುಡಿಯುವ ದಲಿತ ಹೆಣ್ಣುಮಕ್ಕಳೇ ಅದನ್ನು ನಡೆಸಿದರು. ತಮ್ಮ ತೆಲುಗಿನ ಹಾಡು, ಬೀಜ, ಅಡುಗೆಗಳ ಮಾತನ್ನು ಪ್ರಸಾರ ಮಾಡಿದರು. ಅದೇ ಜಹೀರಾಬಾದ ಸೀಮೆಯ ಹಳ್ಳಿಗಳಲ್ಲಿ ಸಂಕ್ರಾಂತಿಯ ಹೊತ್ತಿಗೆ ಎತ್ತಿನ ಬಂಡಿಗಳನ್ನು ಸಿಂಗರಿಸಿ ಹಳೆಯ ಬೆಳೆಗಳ ಜಾತ್ರೆ ಮಾಡಿದರು. ದೊಡ್ಡ ಓದಿಲ್ಲದ ತಾಯಂದಿರು ಇಷ್ಟು ಮಾಡಿದರೆ ಓದಿದ ನಾವೇನು ಮಾಡಬೇಕು?

ಈ ಸಲದ ಮೊಹರಂಗೆ, ಶಿವರಾತ್ರಿಗೆ, ಭದ್ರೇಶ್ವರನ ಜಾತ್ರೆಗೆ ಹೋದಾಗ ನಿಮ್ಮ ಊರಿನ ಹಿರಿಯರ ಒಂದು ಪದವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ. ಮನೆಗೆ ಬಂದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ಕನ್ನಡ ಅಕ್ಷರದಲ್ಲಿ ಬರೆಸಿ. ಹಾಡಿದವರ ಹೆಸರು, ಊರು, ತಾರೀಖು ಕೆಳಗೆ ಹಾಕಿ. ಒಂದು ಊರಿಗೆ ಹತ್ತು ಪದ ಸಿಕ್ಕರೂ ಅದು ಆ ಊರಿನ ಶಾಲೆಗೆ ಒಂದು ಪಠ್ಯಪುಸ್ತಕವಾಗುತ್ತದೆ.