ದಿನಗಣನೆಯಿಂದ ಪೌರತ್ವದವರೆಗೆ

1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರ ಬಂಡಾಯವನ್ನೂ ಒಳಗೊಂಡಿದ್ದ ಮಹಾಸಂಗ್ರಾಮವನ್ನು ಅಡಗಿಸುವಲ್ಲಿ ಬರಿದಾದ ಬೊಕ್ಕಸವನ್ನು ತುಂಬಿಕೊಳ್ಳುವ ಸಲುವಾಗಿ ಬ್ರಿಟಿಷ್ ಸರ್ಕಾರದ ಹಣಕಾಸು ಸದಸ್ಯ ಜೇಮ್ಸ್ ವಿಲ್ಸನ್ 1860ರಲ್ಲಿ ಈ ದೇಶಕ್ಕೆ ಆದಾಯ ತೆರಿಗೆಯನ್ನು ತಂದನು; ಅದೇ ವರ್ಷ ಸುರಪುರ ಸೀಮೆಯು ನಿಜಾಮರಿಗೆ ಸಂದುದರಿಂದ, ಆ ವೆಚ್ಚಕ್ಕೆ ಕಾರಣವಾದ ನೆಲಗಳಲ್ಲೊಂದು ಆ ತೆರಿಗೆಯ ಸೀಮೆಯಿಂದಲೇ ಹೊರಗುಳಿಯಿತು. ಯಾದಗಿರಿ, ಶಹಾಪುರಗಳೂ ನಿಜಾಮರ ರಾಜ್ಯದವೇ ಆದುದರಿಂದ, ಇಲ್ಲಿಯ ವರ್ತಕನು ಬ್ರಿಟಿಷರ ಆಳ್ವಿಕೆಯಲ್ಲಿದ್ದ ನೆರೆಯ ತಾಳಿಕೋಟೆಯ ಪೇಟೆಗೆ ಹೋದನೆಂದರೆ ತೆರಿಗೆಯ ಮಟ್ಟಿಗೆ ಪರರಾಜ್ಯವನ್ನು ಹೊಕ್ಕಂತೆಯೇ ಆಗುತ್ತಿತ್ತು.

ತೆರಿಗೆಯು ನೆಲದ ಗಡಿಯನ್ನಷ್ಟೇ ಅಲ್ಲ, ವ್ಯಕ್ತಿಯ ನೆಲೆಯನ್ನೂ ನೋಡುತ್ತದೆ; ಒಬ್ಬನು ಎಲ್ಲಿಯ ನಿವಾಸಿ ಎಂಬ ಆ ಪ್ರಶ್ನೆಗೆ ಇಂಗ್ಲೆಂಡಿನ ನ್ಯಾಯಾಧೀಶರು ಬಹುಕಾಲ ಬಾಳಿನ ರೀತಿಯನ್ನು ನೋಡಿಯೇ ಉತ್ತರ ಕೊಟ್ಟರು. 1928ರಲ್ಲಿ, ಸ್ವಂತ ಮನೆಯನ್ನು ತೊರೆದು ಹೋಟೆಲುಗಳಲ್ಲಿ ತಂಗುತ್ತಿದ್ದ ಲೆವೀನ್ ಎಂಬಾತನೂ, ಐರ್ಲೆಂಡಿನಿಂದ ತಿಂಗಳಿಗೊಮ್ಮೆ ಸುಮಾರು ಒಂದು ವಾರ ಕೆಲಸಕ್ಕಾಗಿ ಬಂದುಹೋಗುತ್ತಿದ್ದ ಲೈಸಾಟ್ ಎಂಬಾತನೂ ಅಲ್ಲಿಯ ನಿವಾಸಿಗಳೇ ಎಂದು ತೀರ್ಪಾಯಿತು. ಭಾರತವು 1939ರ ತಿದ್ದುಪಡಿಯಲ್ಲಿ ಅಂಕೆಯ ಮಾರ್ಗವನ್ನು ಹಿಡಿದು 182 ದಿನಗಳ ಗಡಿಯನ್ನು ನೆಟ್ಟಿತಾದರೂ, ವರ್ಷದಲ್ಲಿ ಅಷ್ಟೇ ಕಾಲ ತನಗಾಗಿ ವಾಸಗೃಹವನ್ನು ಇರಿಸಿಕೊಂಡವನು ಒಂದು ದಿನ ಬಂದುಹೋದರೂ ನಿವಾಸಿಯೇ ಎಂಬ ನಿಯಮವನ್ನೂ ಜೊತೆಗಿರಿಸಿತು. ಊರಲ್ಲಿ ವಾಡೆಯನ್ನುಳ್ಳ ಧನಿಕನಿಗೆ ಇದು ಬಿಗಿಯಾದ ಪಾಶವಾಗಿತ್ತು.

1950ರ ಏಪ್ರಿಲ್ 1ರಿಂದ ಭಾರತದ ಆದಾಯ ತೆರಿಗೆ ಹೈದರಾಬಾದ್ ರಾಜ್ಯಕ್ಕೂ ವ್ಯಾಪಿಸಿತು. 1961ರ ಕಾಯಿದೆಯು ಅಂಥ ಮನೆಯುಳ್ಳವನು ನಿವಾಸಿಯೆನಿಸಲು 30 ದಿನಗಳ ವಾಸವನ್ನು ಬೇಡಿತು. 1982ರಲ್ಲಿ ಆ ಮನೆಯ ನಿಯಮವೇ ರದ್ದಾಯಿತು. ಅಲ್ಲಿಂದ ಮುಂದೆ ದೊಡ್ಡ ಆಸ್ತಿವಂತನ ನಿವಾಸವನ್ನು ನಿರ್ಣಯಿಸಿದುದು ಅವನ ಪಾಸ್‌ಪೋರ್ಟಿನ ಪುಟಗಳಲ್ಲಿ ಬಿದ್ದ ಆಗಮನ ನಿರ್ಗಮನಗಳ ಮುದ್ರೆಗಳು. ಹೊರದೇಶದ ಉದ್ಯೋಗಕ್ಕೆಂದು 181ನೆಯ ದಿನ ವಿಮಾನವೇರಿದ ಭಾರತೀಯ ಪೌರನು ಆ ವರ್ಷಕ್ಕೆ ಅನಿವಾಸಿ. ಉದ್ಯೋಗಕ್ಕಾಗಿ ಕೊಲ್ಲಿಗೆ ಹೋದ ದುಡಿಮೆಗಾರನಿಗೆ ಈ ಸಡಿಲಿಕೆ ನ್ಯಾಯವೇ ಆಗಿತ್ತು. ಆದರೆ ಯಾವ ದೇಶಕ್ಕೂ ತೆರಿಗೆ ಕೊಡದೆ ದೇಶದಿಂದ ದೇಶಕ್ಕೆ ಸಂಚರಿಸುವ ಶ್ರೀಮಂತನಿಗೂ ಅದೇ ಆಶ್ರಯ ದೊರೆತುದು ನ್ಯಾಯವಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ. ಗುಳೆ ಹೋಗುವ ಯಾದಗಿರಿಯ ಕೂಲಿಕಾರನು ಬೆಂಗಳೂರಿನಲ್ಲಿ ಸಿಮೆಂಟು ಕೊಂಡರೂ ಸೋಪು ಕೊಂಡರೂ ತೆರಿಗೆ ತೆರುತ್ತಾನೆ. ಅವನಿಗೆ ದಿನ ಎಣಿಸಿ ತಪ್ಪಿಸಿಕೊಳ್ಳುವ ದಾರಿಯಿಲ್ಲ.

2020ರ ತಿದ್ದುಪಡಿ ಈ ಲೋಪವನ್ನು ತಕ್ಕಮಟ್ಟಿಗೆ ಸರಿಪಡಿಸಿತು. ವಿದೇಶೀ ಮೂಲದ್ದನ್ನು ಬಿಟ್ಟು 15 ಲಕ್ಷ ರೂಪಾಯಿಗಳಿಗೆ ಮೀರಿದ ಆದಾಯವುಳ್ಳ ಭಾರತೀಯ ಪೌರನು, ನೆಲೆಯ ಕಾರಣದಿಂದ ಬೇರಾವ ದೇಶದಲ್ಲಿಯೂ ತೆರಿಗೆಗೆ ಒಳಪಡದಿದ್ದರೆ, ಒಂದು ದಿನವೂ ಇಲ್ಲಿರದಿದ್ದರೂ ನಿವಾಸಿಯೆಂದೇ ಪರಿಗಣಿತನಾಗುತ್ತಾನೆ. ಆದರೆ ಅವನು ‘ಸಾಮಾನ್ಯ ನಿವಾಸಿಯಲ್ಲದ’ ವರ್ಗಕ್ಕೆ ಸೇರುವುದರಿಂದ, ಹೊರದೇಶದಲ್ಲಿ ಗಳಿಸಿ ಅಲ್ಲಿಯೇ ಪಡೆದ ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ. ಕೃಷಿ ಆದಾಯವು ವಿನಾಯಿತಿಯಲ್ಲಿರುವುದರಿಂದ, ನಾರಾಯಣಪುರ ಎಡದಂಡೆ ಕಾಲುವೆಯ ನೀರುಂಡ ಸುರಪುರದ ಭತ್ತದ ಗದ್ದೆಗಳ ಹುಟ್ಟುವಳಿ ಎಷ್ಟೇ ಇದ್ದರೂ ಆ 15 ಲಕ್ಷದ ಲೆಕ್ಕಕ್ಕೆ ಬಾರದು. ಶಹಾಪುರದ ಅಂಗಡಿಸಾಲಿನ ಬಾಡಿಗೆಯಾದರೋ ಬರುತ್ತದೆ.

2025ರ ಹೊಸ ಕಾಯಿದೆಯೂ ಈ ಚೌಕಟ್ಟನ್ನೇ ಉಳಿಸಿಕೊಂಡಿದೆ. ಇನ್ನು ಎರಡು ದೇಶಗಳೂ ಒಬ್ಬನನ್ನು ತಮ್ಮವನೆಂದು ಹಿಡಿದಾಗ, ದ್ವಿತೆರಿಗೆ ನಿವಾರಣೆಯ ಒಪ್ಪಂದಗಳು ಸಾಮಾನ್ಯವಾಗಿ ಮೊದಲು ಕೇಳುವುದು ಅವನ ಶಾಶ್ವತ ಗೃಹವೆಲ್ಲಿ ಎಂದು. ಅನಂತರವೇ ಕುಟುಂಬ, ವ್ಯವಹಾರಗಳ ಕೇಂದ್ರವೆಲ್ಲಿ ಎಂದು.