ಕಣಕಾಲು ಕೀಲು ಬದಲಾವಣೆಯಲ್ಲಿ ಪ್ರತಿಜೀವಕ ನೀಡುವ ವಿಧಾನಗಳು

ಸವೆದ ಕಣಕಾಲಿನ ಕೀಲಿಗೆ ಬದಲಾಗಿ ಲೋಹ ಮತ್ತು ಪಾಲಿಎಥಿಲೀನ್‌ನ ಕೃತಕ ಕೀಲು ಕೂರಿಸುವಾಗ ಸೋಂಕು ತಡೆಯಲು ಪ್ರತಿಜೀವಕ ಕೊಡುವ ಕ್ರಮಗಳಿವು. ಕಣಕಾಲಿನ ಮುಂಭಾಗದಲ್ಲಿ ಚರ್ಮದ ಕೆಳಗೆ ಮಾಂಸ ಕಡಿಮೆ. ಹೊಲಿಗೆ ಬಿಟ್ಟರೆ ಸೋಂಕು ಬೇಗ ಕೀಲಿಗಿಳಿಯುತ್ತದೆ. ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಲೋಹದ ಮೇಲೆ ಪೊರೆ ಕಟ್ಟಿಕೊಂಡರೆ ಔಷಧಿಯೊಂದಕ್ಕೇ ಬಗ್ಗುವುದಿಲ್ಲ. ಕೂರಿಸಿದ ಕೀಲನ್ನೇ ತೆಗೆಯಬೇಕಾಗಬಹುದು.

ರಕ್ತನಾಳದ ಮೂಲಕ: ಇದೇ ಮೂಲ ವಿಧಾನ. ವಯಸ್ಕರಿಗೆ ಸಾಮಾನ್ಯವಾಗಿ ಸೆಫಜೊಲಿನ್ 2 ಗ್ರಾಂ (ತೂಕ 120 ಕಿಲೋ ಮುಟ್ಟಿದ್ದರೆ 3 ಗ್ರಾಂ), ಕೊಯ್ಯುವ ಮುಂಚಿನ 60 ನಿಮಿಷದೊಳಗೆ. ಶಸ್ತ್ರಚಿಕಿತ್ಸೆ 4 ಗಂಟೆ ದಾಟಿದರೆ ಇನ್ನೊಮ್ಮೆ. ವ್ಯಾಂಕೊಮೈಸಿನ್ ಬೇಕಾದವರಿಗೆ ನಿಧಾನವಾಗಿ ಹನಿಸಬೇಕಾದ್ದರಿಂದ 120 ನಿಮಿಷ ಮುಂಚಿನಿಂದಲೇ ಶುರು. ರಕ್ತ ತಡೆಯುವ ಟೂರ್ನಿಕೆ ಪಟ್ಟಿ ಬಿಗಿದ ಮೇಲೆ ಕೊಟ್ಟ ಔಷಧ ಕಾಲಿಗೆ ತಲುಪದು.

ಮೂಳೆಯೊಳಗೆ: ಪಟ್ಟಿ ಬಿಗಿದ ನಂತರ ಟಿಬಿಯಾ ಮೂಳೆಗೆ ಸೂಜಿ ಇಳಿಸಿ, ಸಾಮಾನ್ಯವಾಗಿ 500 ಮಿ.ಗ್ರಾಂ ವ್ಯಾಂಕೊಮೈಸಿನ್ ಕೊಡುತ್ತಾರೆ. ಮೊಣಕಾಲು ಕೀಲು ಬದಲಾವಣೆಯ ಅಧ್ಯಯನಗಳಲ್ಲಿ, ರಕ್ತನಾಳಕ್ಕೆ ಕೊಟ್ಟ 1 ಗ್ರಾಂಗಿಂತ ಹಲವು ಪಟ್ಟು ಹೆಚ್ಚು ಔಷಧ ಅಂಗಾಂಶದಲ್ಲಿ ಕಂಡುಬಂದಿದೆ.

ಮೂಳೆ ಸಿಮೆಂಟ್: ಜರ್ಮನಿಯ ಬುಖೋಲ್ಟ್ಸ್ ಮತ್ತು ಎಂಗೆಲ್‌ಬ್ರೆಕ್ಟ್ 1970ರಲ್ಲಿ, ಕೀಲನ್ನು ಮೂಳೆಗೆ ಹಿಡಿಸುವ ಸಿಮೆಂಟಿಗೆ ಜೆಂಟಾಮೈಸಿನ್ ಪ್ರತಿಜೀವಕ ಬೆರೆಸುವುದನ್ನು ವರದಿ ಮಾಡಿದರು. ಸಿಮೆಂಟಿಲ್ಲದೆ ಕೂರಿಸುವ ಕೀಲುಗಳಲ್ಲಿ ಈ ದಾರಿ ಸಿಗದು.

ಗಾಯಕ್ಕೆ ಪುಡಿ: ಹೊಲಿಗೆಗೆ ಮುಂಚೆ ವ್ಯಾಂಕೊಮೈಸಿನ್ ಪುಡಿ ಉದುರಿಸುವುದು ಸುಲಭ, ಅಗ್ಗ; ಆದರೆ ಫಲಿತಾಂಶಗಳಲ್ಲಿ ಒಮ್ಮತವಿಲ್ಲ. ಕೊನೆಯ ಮೂರೂ ವಿಧಾನಗಳು ಮೊದಲನೆಯದಕ್ಕೆ ಪೂರಕವೇ ಹೊರತು ಅದರ ಬದಲಿಯಲ್ಲ.

ಕಲಬುರಗಿ ಜಿಲ್ಲೆಯ ರೋಗಿಗಳಿಗೆ: ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಜನರಿಗೆ ಜಿಲ್ಲಾ ಕೇಂದ್ರ ಕಲಬುರಗಿಯೇ ಹತ್ತಿರದ ದೊಡ್ಡ ವೈದ್ಯಕೀಯ ಕೇಂದ್ರ. 1963ರಲ್ಲಿ ಆರಂಭವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು, ಸರ್ಕಾರಿ ವೈದ್ಯಕೀಯ ಕಾಲೇಜಾದ ಜಿಮ್ಸ್ ಅಲ್ಲಿವೆ. ಕೀಲು ಬದಲಾವಣೆ ಎಲ್ಲೇ ಆಗಲಿ, ಊರಿಗೆ ಮರಳಿದವರ ಗಾಯದ ನಿಗಾ ಹತ್ತಿರದ ಆಸ್ಪತ್ರೆಯ ಪಾಲಿಗೆ ಬರುತ್ತದೆ. ಮಧುಮೇಹ ಹತೋಟಿಯಲ್ಲಿರಬೇಕು, ಬೀಡಿ ಬಿಡಬೇಕು. ಗಾಯ ಕೆಂಪೇರಿ ನೀರು ಸೋರತೊಡಗಿದರೆ ಅಂಗಡಿಯಿಂದ ಮಾತ್ರೆ ತಂದು ನುಂಗಬಾರದು: ಕೀಲಿನ ದ್ರವ ಪರೀಕ್ಷೆಯಲ್ಲಿ ರೋಗಾಣು ಪತ್ತೆಯಾಗದೆ ಹೋಗಬಹುದು, ಸರಿಯಾದ ಔಷಧಿ ಆರಿಸುವುದೂ ತಡವಾಗುತ್ತದೆ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನು ಕೂಡಲೇ ಕಾಣಬೇಕು.